ಕ್ರಿಸ್‌ಮಸ್ ರಾತ್ರಿಗೆ ಯಾವ ಕಾಮಿಡಿ?

ಡಿಸೆಂಬರ್ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಕೇಕ್ ಎಷ್ಟು ಕೆಜಿ ಅನ್ನೋ ಚರ್ಚೆ ಮುಗಿಯುತ್ತಲೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಈ ಸಲ ಯಾವ ಸಿನಿಮಾ?’ ಬೆಳಿಗ್ಗೆ ಚರ್ಚ್, ಮಧ್ಯಾಹ್ನ ಬಿರಿಯಾನಿ, ರಾತ್ರಿ ಎಲ್ಲರೂ ಟಿವಿ ಮುಂದೆ. ಎಲ್ಲರೂ ಅಂದರೆ 78ರ ಅಜ್ಜಿ, ಅಪ್ಪ, ಅಮ್ಮ, ಅಕ್ಕ, ಭಾವ, ಅವರ 6 ಮತ್ತು 11 ವರ್ಷದ ಮಕ್ಕಳು. ‘ಆಫೀಸಲ್ಲಿ ಟೆಸ್ಟಿಂಗ್ ಮಾಡ್ತೀಯಲ್ಲ, ಇದನ್ನೂ ಮಾಡು’ ಅಂತ ಅಕ್ಕ ಈ ಕೆಲಸ ನನ್ನ ತಲೆಗೆ ಕಟ್ಟಿದ್ದಾಳೆ. ಹಾಗಾಗಿ ವಾರ ಮೊದಲೇ ಒಬ್ಬನೇ ಕೂತು ನೋಡಿಬಿಡುತ್ತೇನೆ.

ಮೊದಲ ಫಿಲ್ಟರ್ ಸುಲಭ. ಒಟಿಟಿಯಲ್ಲಿ ಯು, ಯು/ಎ 7+, 13+, 16+, ಎ ಅಂತ ಹಾಕಿರುತ್ತಾರೆ. ಅಮೆರಿಕದಲ್ಲೇ ‘ಆರ್’ ರೇಟಿಂಗ್ ಪಡೆದ 2003ರ ‘ಬ್ಯಾಡ್ ಸಾಂಟಾ’ ನಮ್ಮ ಪಟ್ಟಿಗೇ ಬರಲ್ಲ. ಆದರೆ ರೇಟಿಂಗ್ ನೋಡುವುದು ಮುಖ್ಯವಾಗಿ ಬೈಗುಳ, ಹೊಡೆದಾಟ, ಅಶ್ಲೀಲತೆ. ನಗು ಯಾರ ತಲೆ ಮೇಲೆ ಬೀಳುತ್ತಿದೆ ಅಂತ ಅದು ಹೇಳಲ್ಲ. ಅದಕ್ಕೇ ನಾನು ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಯಾರನ್ನು ನೋಡಿ ನಗುತ್ತಿದ್ದೇವೆ? ಮುರಿದದ್ದನ್ನು ಸರಿಮಾಡಲು ಯಾರಾದರೂ ಮುಂದೆ ಬರುತ್ತಾರಾ?

2008ರ ‘ಫೋರ್ ಕ್ರಿಸ್‌ಮಸಸ್’ ತಗೊಳ್ಳಿ. ಸಮಾಜಸೇವೆಗೆ ಹೋಗ್ತೀವಿ ಅಂತ ಮನೆಯವರಿಗೆ ಸುಳ್ಳು ಹೇಳಿ ರಜೆಗೆ ಹೊರಟ ಜೋಡಿ. ಮಂಜು ಕವಿದು ವಿಮಾನ ರದ್ದಾಗಿ, ಟಿವಿ ಕ್ಯಾಮೆರಾಗೆ ಸಿಕ್ಕಿಬಿದ್ದು, ಬೇರೆಬೇರೆಯಾಗಿರುವ ಅಪ್ಪ ಅಮ್ಮಂದಿರ ನಾಲ್ಕು ಮನೆಗೂ ಹೋಗಬೇಕಾಗುತ್ತದೆ. ನನಗೂ ಅಲ್ಲಲ್ಲಿ ನಗು ಬಂತು. ಆದರೆ ನಗು ಹೆಚ್ಚಾಗಿ ಹುಟ್ಟುವುದು ಹೆತ್ತವರನ್ನು ಆಡಿಕೊಳ್ಳುವುದರಿಂದ. ಚರ್ಚ್‌ನಲ್ಲಿ ಯೇಸು ಹುಟ್ಟಿದ ನಾಟಕವೂ ಗೇಲಿಯ ಸರಕು. ಅಜ್ಜಿ ಪಕ್ಕ ಕೂತು ನೋಡೋಕಾಗಲ್ಲ ಅನ್ನಿಸಿತು, ಬಿಟ್ಟೆ.

‘ಹೋಮ್ ಅಲೋನ್’ (1990) ವಿಷಯಕ್ಕೆ ಅಕ್ಕನದೇ ತಕರಾರು. ‘ಹುಡುಗ ಸುಳ್ಳು ಹೇಳ್ತಾನೆ, ದೊಡ್ಡವರಿಗೆ ಎದುರು ಮಾತಾಡ್ತಾನೆ, ಕಳ್ಳರ ಮುಖಕ್ಕೆ ಇಸ್ತ್ರಿಪೆಟ್ಟಿಗೆ ಬೀಳಿಸ್ತಾನೆ. ನಾಳೆ ಇವೂ ಶುರು ಹಚ್ಕೊಂಡ್ರೆ?’ ಮಾತು ನಿಜವೇ. ಆದರೆ ಅದೇ ಸಿನಿಮಾದಲ್ಲಿ ಚರ್ಚ್‌ನ ದೃಶ್ಯವೂ ಇದೆ. ಎಲ್ಲರೂ ಹೆದರುವ ಪಕ್ಕದ ಮನೆ ಮುದುಕ ಮೊಮ್ಮಗಳ ಹಾಡು ಕೇಳಲು ಬಂದು ಕೂತಿರುತ್ತಾನೆ. ಮಗನ ಜೊತೆ ವರ್ಷಗಳಿಂದ ಮಾತಿಲ್ಲ. ಫೋನ್ ಮಾಡಿ ಅಂತ ಹುಡುಗ ಹೇಳುತ್ತಾನೆ. ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕಥೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಎರಡು ವರ್ಷದ ಹಿಂದೆ ಅದನ್ನೇ ಹಾಕಿದೆವು. ಊರಿನ ಮನೆ ಪಾಲಿನ ವಿಷಯಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಆಗಲೇ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಆ ದೃಶ್ಯ ಬಂದಾಗ ಅಜ್ಜಿ, ‘ಏನಂತೆ ಆ ಮುದುಕಪ್ಪಂಗೆ?’ ಅಂದರು. ‘ಮಗನ ಜೊತೆ ಮಾತು ಬಿಟ್ಟಿದಾರಂತೆ ಅಜ್ಜಿ. ತಾವಾಗೇ ಫೋನ್ ಮಾಡೋಕೆ ಭಯವಂತೆ’ ಅಂದೆ. ‘ತನ್ನೋರ ಹತ್ರ ಎಂಥ ಭಯ?’ ಅಂದ ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ನೀರು ಕುಡಿಯೋಕೆ ಅಂತ ಎದ್ದು ಹೋದವರು ತುಂಬಾ ಹೊತ್ತು ಬರಲಿಲ್ಲ.

ಹೊಸ ವರ್ಷದ ದಿನ ಚಿಕ್ಕಪ್ಪನ ಮನೆಗೆ ರೋಸ್ ಕುಕೀಸ್, ಕಲ್ಕಲ್ ತುಂಬಿದ ಡಬ್ಬಿ ಹೋಯಿತು. ಮಾತು ಇನ್ನೂ ಸರಿಯಾಗಿ ಶುರುವಾಗಿಲ್ಲ. ಆದರೆ ಡಬ್ಬಿ ಖಾಲಿ ವಾಪಸ್ ಬರಲಿಲ್ಲ.

ಈ ಸಲ ‘ಎಲ್ಫ್’ (2003) ಆರಿಸಿದ್ದೇನೆ. ‘ಬರೀ ಸಾಂಟಾ, ಯೇಸು ಎಲ್ಲಿ?’ ಅಂತ ಅಮ್ಮ ಕೇಳೇ ಕೇಳುತ್ತಾರೆ. ಲೂಕ 2ನೇ ಅಧ್ಯಾಯ ಓದಿ ಪ್ರಾರ್ಥನೆ ಮುಗಿಸಿಯೇ ನಾವು ಟಿವಿ ಹಾಕೋದು. ಅದರ ಜಾಗಕ್ಕೆ ಸಿನಿಮಾ ಬರಬಾರದು. ನಡುವೆ ಒಂದು ಕುಡಿತದ ದೃಶ್ಯವಿದೆ ಅಂತ ಅಕ್ಕನಿಗೆ ಮೊದಲೇ ಹೇಳಿದ್ದೇನೆ. ಆದರೂ ನನ್ನ ಎರಡು ಪ್ರಶ್ನೆಗೂ ಅದು ಪಾಸ್. ಮುಗ್ಧ ಬಡ್ಡಿಯನ್ನು ನೋಡಿ ನಗುತ್ತೇವೆ, ಆದರೆ ಅವನು ಸಣ್ಣವನಾಗಲ್ಲ. ಸದಾ ಕೆಲಸ ಕೆಲಸ ಅನ್ನುವ ಅವನಪ್ಪ ಕ್ರಿಸ್‌ಮಸ್ ಹಿಂದಿನ ದಿನ ಮೀಟಿಂಗ್ ಬಿಟ್ಟು ಮಗನನ್ನು ಹುಡುಕಿಕೊಂಡು ಹೋಗುತ್ತಾನೆ. ಲ್ಯಾಪ್‌ಟಾಪ್ ಹೊತ್ತುಕೊಂಡೇ ಹಬ್ಬಕ್ಕೆ ಊರಿಗೆ ಹೋಗುವ ನಮ್ಮಂಥವರು ಆ ದೃಶ್ಯ ನೋಡಲೇಬೇಕು.

ನಿಮ್ಮ ಮನೆಗೂ ಆರಿಸುವಾಗ ರೇಟಿಂಗ್ ನೋಡಿ, ಖಂಡಿತ ನೋಡಿ. ಆಮೇಲೆ ಸೋಫಾದ ಮೇಲೆ ಯಾರ್ಯಾರು ಕೂರುತ್ತಾರೆ ಅಂತಲೂ ಒಂದ್ಸಲ ನೆನೆಸಿಕೊಳ್ಳಿ.