ಸುಂಕದ ಗಡಿಯಿದ್ದ ಸೀಮೆ

ಕಲಬುರಗಿಯ ಕೋಟೆಯನ್ನೂ, ಅದರೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯನ್ನೂ, ಶರಣಬಸವೇಶ್ವರರ ಗುಡಿಯನ್ನೂ, ಬಂದೇನವಾಜರ ದರ್ಗೆಯನ್ನೂ ಕಂಡು ಮರಳುವ ಯಾತ್ರಿಕರು ಬಹುಮಂದಿ. ಇದು ಒಂದು ಕಾಲಕ್ಕೆ ಸುಂಕದ ಗಡಿಗೆ ಸಮೀಪದ ಸೀಮೆಯಾಗಿದ್ದಿತೆಂದು ನೆನೆಯುವವರು ಮಾತ್ರ ವಿರಳ. ಪಡುವಲ ಸೊಲ್ಲಾಪುರವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಕಲಬುರಗಿಯೂ, ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವೂ ನಿಜಾಮರ ರಾಜ್ಯದವು. ಗಡಿಯುದ್ದಕ್ಕೂ ಕರೋಡಗಿರಿಯ, ಎಂದರೆ ಸುಂಕದ ಇಲಾಖೆಯ, ನಾಕೆಗಳಿದ್ದವು. ಕಂಪನಿಯೊಡನೆ 1802ರಲ್ಲಾದ ಒಪ್ಪಂದವು ನೂರಕ್ಕೆ 5ರಂತೆ ಸುಂಕವನ್ನು ಗೊತ್ತುಪಡಿಸಿದ್ದಿತು. ಆಚೆಗೂ ಈಚೆಗೂ ಕನ್ನಡ ಮಾತೇ; ಆದರೂ ಸರಕು ಸುಂಕ ತೆರದೆ ದಾಟುವಂತಿರಲಿಲ್ಲ.

1947ರ ಆಗಸ್ಟ್ 7ರಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಭಾರತದೊಡನೆ ಸೇರ್ಪಡೆಗಾಗಿ ಚಳವಳಿ ಹೂಡಿತು. ಅದರ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಗಡಿಯಾಚೆಯ ಸಿಂದಗಿಯಲ್ಲಿ ಹುಟ್ಟಿದವರು. ಗಡಿಯ ಹೊರಗೆ ಶಿಬಿರಗಳನ್ನು ಹೂಡಿದ ಕಾರ್ಯಕರ್ತರು ನಾಕೆಗಳ ಮೇಲೆ ಬಿದ್ದು ಅವನ್ನು ಸುಟ್ಟರು. ಅಂದಿನ ಸರ್ಕಾರಕ್ಕೆ ಇದು ದಂಡನೀಯ ಅಪರಾಧ. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆಯೇ ಮುಗಿಯಿತು. ಶಿಬಿರದವರನ್ನು ಮುಂದೆ ಭಾರತ ಸರ್ಕಾರವು ಸ್ವಾತಂತ್ರ್ಯ ಯೋಧರೆಂದು ಮನ್ನಿಸಿ ವೇತನವನ್ನಿತ್ತಿತು.

ಇಂದು ಬೀದರಿಗೆ ಹೋಗುವ ರೈಲು ಕಮಲಾಪುರದ ಮೇಲೆಯೇ ಹಾಯುತ್ತದೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಲ್ಲಿಯ ಕೆಂಪು ಬಾಳೆಯು ಸೊಲ್ಲಾಪುರಕ್ಕೆ ಹೊರಟರೆ ಗಡಿಯಲ್ಲಿ ಕರೋಡಗಿರಿಯವರು ತಡೆಯರು. ರಾಜ್ಯಗಳ ನಡುವಣ ವಾಣಿಜ್ಯ ತೆರಿಗೆಯ ಠಾಣೆಗಳೂ 2017ರ ಜುಲೈಯಿಂದ ಎದ್ದುಹೋದವು.

ಆದರೆ ಗಡಿಯ ಕಾನೂನು ಅಳಿದಿಲ್ಲ. ದೇಶದ ಅಂಚಿಗೆ ಸರಿದಿದೆಯಷ್ಟೆ. ಪರದೇಶದಿಂದ ವಿಮಾನದಲ್ಲಿ ಬಂದಿಳಿಯುವವರು ಇದನ್ನರಿತಿರಬೇಕು. 1962ರ ಸುಂಕದ ಅಧಿನಿಯಮದ 133ನೆಯ ಕಲಮಿನಂತೆ, ಸುಂಕದ ಅಧಿಕಾರಿಯ ಕೆಲಸಕ್ಕೆ ಬೇಕೆಂದೇ ಅಡ್ಡಿಪಡಿಸಿದವರಿಗೆ 2 ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ ಉಂಟು. ಕರ್ತವ್ಯನಿರತ ಸರ್ಕಾರಿ ನೌಕರನ ಮೇಲೆ ಕೈಮಾಡಿ ಅವನನ್ನು ತಡೆದವರಿಗೆ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಮೂ ಅಷ್ಟನ್ನೇ ವಿಧಿಸುತ್ತದೆ.

ಅಂದು ನಾಕೆ ಸುಟ್ಟವರ ಹೆಸರು ಹೇಳಿ ಇಂದು ಅಧಿಕಾರಿಯನ್ನು ತಡೆಯುವುದು ಸಲ್ಲದು. ಅವರಿಗೆ ಆಳುವವರನ್ನು ಆರಿಸುವ ಹಕ್ಕಿರಲಿಲ್ಲ. ಅವರು ಸೆರೆಗೂ ಸಾವಿಗೂ ಸಿದ್ಧರಾಗಿ ಹೊರಟವರು, ಸುಂಕ ಉಳಿಸಲು ಹೊರಟವರಲ್ಲ. ನಮಗಾದರೋ ಮೇಲ್ಮನವಿಯೂ ನ್ಯಾಯಾಲಯವೂ ಇವೆ, ಮತವೂ ಇದೆ. ಅನ್ಯಾಯವೆನಿಸಿದರೆ ಸುಂಕ ಕಟ್ಟಿ, ರಸೀದಿ ಪಡೆದು, ಬಳಿಕ ವಾದಿಸುವುದೇ ಗೃಹಸ್ಥರಿಗೆ ಒಪ್ಪುವ ಮಾರ್ಗ.