ಹಳಿಯ ಮೇಲೆ ಕೂತವರು

ಊರು ಬಿಟ್ಟು ದುಡಿಯುವವರಿಗೆ ಪಗಾರದ ದಿನವೆಂದರೆ ಹಬ್ಬವಿದ್ದಂತೆ. ನಮ್ಮ ಚಾಳಿನಲ್ಲಂತೂ ಒಂದನೇ ತಾರೀಖಿನ ಸಂಜೆಗೆ ಒಂದು ವಾಸನೆಯೇ ಬೇರೆ. ಖೋಲಿಯ ಬಾಡಿಗೆ, ಕಿರಾಣಿ ಉದ್ರಿ, ಊರಿನ ಅವ್ವನ ಔಷಧಿ ಎಲ್ಲವೂ ಆ ಒಂದು ದಿನಕ್ಕೆ ಜೋತುಬಿದ್ದಿರುತ್ತವೆ. ಇಂಡಿ ತಾಲೂಕಿನಿಂದ ಮುಂಬಯಿಗೆ ಬಂದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಇರಬೇಕು, 2019ರಲ್ಲಿ ಅಮೆರಿಕದ ಕೆಂಟಕಿಯಿಂದ ಬಂದ ಸುದ್ದಿಯೊಂದು ಮನಸ್ಸಿನಲ್ಲೇ ಉಳಿದುಬಿಟ್ಟಿತು. ಬ್ಲ್ಯಾಕ್‌ಜ್ಯುವೆಲ್ ಎಂಬ ಕಲ್ಲಿದ್ದಲು ಕಂಪನಿ ಜುಲೈ 1ರಂದು ದಿವಾಳಿ ಅರ್ಜಿ ಹಾಕಿತು. ಸುಮಾರು 1,700 ಜನರ ಕೆಲಸ ನಿಂತಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟರಲ್ಲಿ ಕೊಟ್ಟಿದ್ದ ಪಗಾರದ ಚೆಕ್ಕುಗಳೂ ವಾಪಸಾದವು. ಖಾತೆಗೆ ಜಮೆಯಾಗಿದ್ದ ಹಣ ಮತ್ತೆ ಹೊರಟುಹೋಯಿತು.

ಜುಲೈ 29ರಂದು ಹಾರ್ಲನ್ ಕೌಂಟಿಯಲ್ಲಿ ಅದೇ ಕಂಪನಿಯ ಕಲ್ಲಿದ್ದಲು ತುಂಬಿದ ರೈಲು ಹೊರಟಿತ್ತು. ಬೆರಳೆಣಿಕೆಯ ಗಣಿ ಕಾರ್ಮಿಕರು ಹೋಗಿ ಹಳಿಯ ಮೇಲೆ ನಿಂತರು. ಆಮೇಲೆ ಹೆಂಡಿರು ಮಕ್ಕಳು ಬಂದರು, ಟೆಂಟು ಎದ್ದಿತು, ಊರವರು ಊಟ ತಂದರು. ನಾವು ತೆಗೆದ ಕಲ್ಲಿದ್ದಲು, ನಮ್ಮ ಪಗಾರ ಕೊಡದೆ ಇಲ್ಲಿಂದ ಅಲುಗಬಾರದು ಎಂಬುದಷ್ಟೇ ಅವರ ಮಾತು. ಸುಮಾರು ಎರಡು ತಿಂಗಳು ಹಳಿ ಬಿಡಲಿಲ್ಲ. ಅಕ್ಟೋಬರಿನಲ್ಲಿ ಬಾಕಿ ವೇತನಕ್ಕೆ 50 ಲಕ್ಷ ಡಾಲರ್ ಮೀರಿದ ಮೊತ್ತದ ಒಪ್ಪಂದವಾಯಿತು.

ನಮ್ಮ ಮೇಲಿನ ಖೋಲಿಯ ಕಾಕಾಗೆ ಇದನ್ನು ಹೇಳಿದೆ. ಕಲಬುರಗಿ ಕಡೆಯವರು, ಪರೇಲಿನ ಗಿರಣಿಯೊಂದರಲ್ಲಿ ಸಾಂಚಾ ಓಡಿಸಿದವರು. 1982ರ ಜನವರಿ 18ರಂದು ದತ್ತಾ ಸಾಮಂತರ ಮಾತಿನ ಮೇಲೆ ಕೆಲಸ ನಿಲ್ಲಿಸಿದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಒಬ್ಬರು. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

"ಅವ್ರ ಮುಂದ ಕಲ್ಲಿದ್ದಲಾದ್ರೂ ಇತ್ತಪಾ. ನಮ್ದು? ಬಟ್ಟಿ ಒಳಗ, ನಾವು ಗೇಟಿನ ಹೊರಗ. ನಾವು ಹಿಡದು ನಿಲ್ಲಸಾಕ ಏನಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಅವರ ಗಿರಣಿ ಕಡೆಗೂ ಮುಚ್ಚಿತು. ಬಾಕಿ ಹಣ ವರ್ಷಗಟ್ಟಲೆ ತುಣುಕು ತುಣುಕಾಗಿ ಬಂತು. ಅಷ್ಟರಲ್ಲಿ ಮಗಳ ಓದು ನಿಂತಿತ್ತು, ಊರಿನ ಎರಡೆಕರೆ ಹೊಲ ಹೋಗಿತ್ತು. ಇವತ್ತು ಲೋವರ್ ಪರೇಲಿನ ಗಿರಣಿ ಜಾಗಗಳಲ್ಲಿ ಮಾಲುಗಳು, ಗಗನಚುಂಬಿಗಳು. ಜಮೀನಿಗೆ ಬೆಲೆ ಬಂತು, ಅದರ ಮೇಲೆ ಬೆವರು ಸುರಿಸಿದವರಿಗೆ ಬರಲಿಲ್ಲ.

ಕಂಪನಿ ಮುಳುಗಿದಾಗ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಯಾರು ಮುಂದೆ, ಯಾರು ಹಿಂದೆ ಅನ್ನುವುದೇ ಪ್ರಶ್ನೆ. ನಮ್ಮ 2016ರ ದಿವಾಳಿ ಕಾಯ್ದೆಯ ಪ್ರಕಾರ ಕಂಪನಿಯ ಆಸ್ತಿ ಮಾರಿದಾಗ ಕಾರ್ಮಿಕರ 24 ತಿಂಗಳ ಬಾಕಿಗೆ, ಒತ್ತೆ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳ ಸರಿಸಮನಾದ ಜಾಗವಿದೆ. ಉಳಿದ ನೌಕರರ 12 ತಿಂಗಳ ಬಾಕಿ ಅದರ ಕೆಳಗೆ. ಆದರೆ ಸಾಲಿನಲ್ಲಿ ನಿಲ್ಲಬೇಕಾದರೆ ಪುರಾವೆ ಬೇಕು.

ಆದ್ದರಿಂದ ಊರಲ್ಲಿರುವ ತಂದೆ ತಾಯಂದಿರಿಗೆ ನನ್ನದೊಂದು ಮಾತು. ಮಗ ಮುಂಬಯಿಗೋ ಪುಣೆಗೋ ಹೊರಟಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡ್ರಿ. ಜೊತೆಗೊಂದು ಫೈಲೂ ಕೊಡ್ರಿ. ನೇಮಕದ ಪತ್ರ, ಪ್ರತಿ ತಿಂಗಳ ಪಗಾರದ ಚೀಟಿ, ಪಿ.ಎಫ್. ನಂಬರು ಅದರಲ್ಲಿರಲಿ. ಎಲ್ಲರಿಗೂ ಹಳಿ ಸಿಗುವುದಿಲ್ಲ.