ಬೀಗದಕೈ ಗೊಂಚಲು

ನಮ್ಮ ಅಜ್ಜಿಯವರ ಸೊಂಟದ ಗೊಂಚಲಿನಲ್ಲಿ ಏಳು ಬೀಗದಕೈಗಳಿದ್ದುವು. ಉಗ್ರಾಣದ್ದು ಬೇರೆ, ಒಡವೆಯ ಪೆಟ್ಟಿಗೆಯದು ಬೇರೆ. ಒಂದೇ ಕೈಯಿಂದ ಎಲ್ಲ ಬೀಗಗಳೂ ತೆರೆಯುವಂತಿದ್ದರೆ ಅವರು ಒಂದು ರಾತ್ರಿಯೂ ನಿದ್ರಿಸುತ್ತಿರಲಿಲ್ಲ. ಅವರ ಮೊಮ್ಮಗನಾದ ನಾನು ಮಾತ್ರ, ಮನೆದೇವರ ಹೆಸರಿಗೆ ಹುಟ್ಟಿದ ವರ್ಷವನ್ನು ಜೋಡಿಸಿ, ಇಮೇಲು, ವಿದ್ಯುತ್ ಬಿಲ್ಲು, ರೈಲಿನ ಟಿಕೆಟ್ಟು, ಎಲ್ಲಕ್ಕೂ ಅದೊಂದನ್ನೇ ಪಾಸ್‌ವರ್ಡ್ ಮಾಡಿಕೊಂಡು ನಿಶ್ಚಿಂತನಾಗಿದ್ದೆನು.

ನಾನು ಎಂದೋ ಒಮ್ಮೆ ಪುಸ್ತಕ ತರಿಸಿ ಮರೆತುಬಿಟ್ಟಿದ್ದ ಜಾಲತಾಣವೊಂದರಿಂದ ಗಿರಾಕಿಗಳ ಪಾಸ್‌ವರ್ಡ್‌ಗಳು ಕಳವಾದುವು. ಕೆಲವು ದಿನಗಳಲ್ಲಿಯೇ ಯಾರೋ ಅದೇ ಕೈಯಿಂದ ನನ್ನ ಇಮೇಲನ್ನು ತೆರೆದು, ನನ್ನ ಹೆಸರಿನಲ್ಲಿ ಬಂಧುಗಳಿಗೆಲ್ಲ ಹಣ ಬೇಡಿದರು. ವೃದ್ಧರಾದ ನಮ್ಮ ಅತ್ತಿಗೆಯವರು ಹಿಂದುಮುಂದು ನೋಡದೆ ಹತ್ತು ಸಾವಿರ ರೂಪಾಯಿ ಕಳುಹಿಸಿಬಿಟ್ಟರು. “ನೀನು ಕೇಳಿದೆಯಲ್ಲಪ್ಪ, ಇಲ್ಲವೆನ್ನುವುದು ಹೇಗೆ?” ಎಂದರು. ಹಣವನ್ನು ನಾನು ತೆತ್ತೆನು. ನಾಚಿಕೆಯನ್ನು ತೆರುವ ಬಗೆ ತಿಳಿಯಲಿಲ್ಲ.

ಈ ಅನರ್ಥವು ಹೊಸದಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳಬೇಕಾದಾಗ, 1960ರ ದಶಕದ ಆರಂಭದಲ್ಲಿ ಪಾಸ್‌ವರ್ಡ್ ಬಳಕೆಗೆ ಬಂದಿತು. 1962ರಲ್ಲಿ ಅಲನ್ ಶೆರ್ ಎಂಬ ವಿದ್ಯಾರ್ಥಿಯು ತನಗೆ ಗೊತ್ತುಮಾಡಿದ್ದ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಅಚ್ಚು ತೆಗೆಸಿಕೊಂಡನು!

ಮಗಳು ನನ್ನ ಫೋನಿನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶವನ್ನು ಅಳವಡಿಸಿದಳು. ಪ್ರತಿಯೊಂದು ತಾಣಕ್ಕೂ ಯಾರೂ ಊಹಿಸಲಾಗದ ಬೇರೆ ಬೇರೆ ಪಾಸ್‌ವರ್ಡನ್ನು ಅದೇ ರಚಿಸಿ, ಗೂಢಲಿಪಿಯಲ್ಲಿ ಕಾಪಾಡಿ, ಬೇಕಾದಾಗ ತಾನೇ ತುಂಬುವುದು. ನಾನು ನೆನಪಿಡಬೇಕಾದುದು ಒಂದನ್ನೇ; ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಅದಕ್ಕೆ ಆರಿಸಿದೆವು. ಮೊನ್ನೆ ಬ್ಯಾಂಕಿನದೆಂದು ಬಂದ ಸಂದೇಶವನ್ನು ಒತ್ತಿದೆನು. ಪುಟವು ನಿಜವಾದುದರಂತೆಯೇ ಇದ್ದಿತು. ಆದರೆ ತಂತ್ರಾಂಶವು ಏನನ್ನೂ ತುಂಬಲಿಲ್ಲ. ನಿಟ್ಟಿಸಿ ನೋಡಲು, ವಿಳಾಸದಲ್ಲಿ ಒಂದಕ್ಷರ ಬದಲಾಗಿದ್ದಿತು. ನಮ್ಮ ಕಣ್ಣು ರೂಪಕ್ಕೆ ಮರುಳಾಗುವುದು. ಅದು ವಿಳಾಸವನ್ನು ಮಾತ್ರ ನೋಡುವುದು.

ಆದರೂ ಒಂದು ಅಂಜಿಕೆ ಉಳಿದಿದ್ದಿತು. ಆ ಐದು ಪದಗಳನ್ನು ನಾನು ಮರೆತರೆ, ತಂತ್ರಾಂಶವನ್ನು ರಚಿಸಿದವರೂ ಅವನ್ನು ತಿಳಿಸಲಾರರು. ಅವರಿಗೂ ಅವು ಗೊತ್ತಿರುವುದಿಲ್ಲ. ನಾನೇ ಇಲ್ಲವಾದರೆ? ವಿಮೆ, ಠೇವಣಿ, ಮನೆಯ ತೆರಿಗೆ, ಎಲ್ಲದರ ದಾರಿಯೂ ಅದರೊಳಗೇ ಇರುವುದು. ಬಹಳ ಯೋಚಿಸಿ, ಅವನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮನೆಯಾಕೆಯ ಕೈಗೆ ಕೊಟ್ಟೆನು.

ಆಕೆ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು, ಬೀಗ ಹಾಕಿ, ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಕಡೆಗೆ ಅಜ್ಜಿಯವರ ಪದ್ಧತಿಗೇ ಬಂದಿರಲ್ಲ!” ಎಂದು ನಕ್ಕಳು.